ಲೆಟರ್‌ಬಾಕ್ಸ್‌ಡ್: ದಿನಚರಿಗೆ ಪೂರ್ಣಾಂಕ, ನಕ್ಷತ್ರಕ್ಕೆ ಸೊನ್ನೆ

ಹಗಲಿಡೀ ಒಂದೇ ಸಿನಿಮಾದ ಒಂದೇ ರೀಲನ್ನು ಹಿಂದೆ ಮುಂದೆ ಓಡಿಸುತ್ತ, ನಾಯಕನ ಚಪ್ಪಲಿ ಸದ್ದು ಜಲ್ಲಿಯ ಮೇಲೆ ನಡೆದಂತೆ ಕೇಳಬೇಕೋ ಸಿಮೆಂಟಿನ ಮೇಲೆ ನಡೆದಂತೆ ಕೇಳಬೇಕೋ ಎಂದು ತಲೆ ಕೆಡಿಸಿಕೊಳ್ಳುವುದು ನನ್ನ ಕಸುಬು. ಬೆಂಗಳೂರಿನ ಸ್ಟುಡಿಯೋ ಒಂದರಲ್ಲಿ ಸೌಂಡ್ ಎಡಿಟರ್ ಆಗಿರುವ ನಾನು, ರಾತ್ರಿ ಮನೆಗೆ ಬಂದು ಊಟ ಮುಗಿಸಿದ ಮೇಲೆ ಇನ್ಯಾರದೋ ಸಿನಿಮಾವೊಂದನ್ನು ಮೊದಲಿನಿಂದ ಕೊನೆಯವರೆಗೆ ನೋಡಿ, ಅದರ ಬಗ್ಗೆ ನಾಲ್ಕು ಸಾಲು ಬರೆದು ಮಲಗುತ್ತೇನೆ. ದಿನವೆಲ್ಲ ನೋಡಿದ್ದು ಸಾಲದೇ ಎಂದು ಮನೆಯವರು ಕೇಳುವುದುಂಟು. ಮಿಠಾಯಿ ಅಂಗಡಿಯವನು ಮನೆಗೆ ಹೋಗಿ ಅನ್ನ ಸಾರು ಉಣ್ಣುವುದಿಲ್ಲವೇ ಎಂಬುದು ನನ್ನ ಉತ್ತರ.

ಆ ನಾಲ್ಕು ಸಾಲುಗಳನ್ನು ಬಹಳ ವರ್ಷ ಉದ್ದನೆಯ ನೋಟ್‌ಬುಕ್ಕುಗಳಲ್ಲಿ ಬರೆಯುತ್ತಿದ್ದೆ. ಈಗ ನಾಲ್ಕು ವರ್ಷಗಳಿಂದ ಲೆಟರ್‌ಬಾಕ್ಸ್‌ಡ್ ಎಂಬ ಅಂತರ್ಜಾಲ ಸೇವೆಯಲ್ಲಿ ಬರೆಯುತ್ತಿದ್ದೇನೆ. ಅದರಲ್ಲಿ ಎರಡು ವರ್ಷ ಹಣ ಕೊಟ್ಟು ಬಳಸಿದ್ದೇನೆ. ಸಿನಿಮಾ ಮಂದಿಯ ನಡುವೆಯೇ ಅನ್ನ ಸಂಪಾದಿಸುತ್ತ ದಿನಕ್ಕೊಂದು ಚಿತ್ರ ನೋಡುವವರಿಗೆ ಈ ಸೇವೆ ಎಷ್ಟರ ಮಟ್ಟಿಗೆ ಒದಗುತ್ತದೆ ಎಂಬುದಷ್ಟೇ ಇಲ್ಲಿನ ವಿಷಯ. ಟಿಕೆಟ್ ಕೊಂಡು ನೋಡಿ ಮನೆಗೆ ಹೋಗುವ ಪ್ರೇಕ್ಷಕರ ಲೆಕ್ಕಾಚಾರ ಬೇರೆಯೇ ಇದ್ದೀತು.

ಗೊತ್ತಿಲ್ಲದವರಿಗಾಗಿ ಒಂದೆರಡು ಮಾತು. ಲೆಟರ್‌ಬಾಕ್ಸ್‌ಡ್ 2011ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಮ್ಯಾಥ್ಯೂ ಬ್ಯೂಕ್ಯಾನನ್ ಮತ್ತು ಕಾರ್ಲ್ ವಾನ್ ರ‍್ಯಾಂಡೋ ಎಂಬಿಬ್ಬರು ಕಟ್ಟಿದ ಸೇವೆ. 2023ರಲ್ಲಿ ಕೆನಡಾದ ಟೈನಿ ಎಂಬ ಸಂಸ್ಥೆ ಅದರ ಬಹುಪಾಲು ಷೇರುಗಳನ್ನು ಕೊಂಡುಕೊಂಡಿತು. ಅಗಲವಾದ ಚಿತ್ರವನ್ನು ಟಿವಿ ಪರದೆಯ ಮೇಲೆ ಕತ್ತರಿಸದೆ ತೋರಿಸುವಾಗ ಮೇಲೂ ಕೆಳಗೂ ಉಳಿಯುವ ಕಪ್ಪು ಪಟ್ಟಿಗಳಿಂದ ಅದರ ಹೆಸರು ಹುಟ್ಟಿದೆ. ಎಡಿಟಿಂಗ್ ಕೋಣೆಯಲ್ಲಿ ಕೂತವರಿಗೆ ಆ ಪಟ್ಟಿಗಳ ಪರಿಚಯ ಬೇಕಾಗಿಲ್ಲ. ನೋಡಿದ ಚಿತ್ರವನ್ನು ತಾರೀಖಿನ ಸಮೇತ ದಿನಚರಿಯಲ್ಲಿ ದಾಖಲಿಸಬಹುದು, ಅರ್ಧದಿಂದ ಐದರವರೆಗೆ ನಕ್ಷತ್ರ ಕೊಡಬಹುದು, ಒಂದು ಸಾಲನ್ನೋ ಒಂದು ಪ್ರಬಂಧವನ್ನೋ ಬರೆಯಬಹುದು, ಪಟ್ಟಿಗಳನ್ನು ಮಾಡಬಹುದು. ಇವಿಷ್ಟಕ್ಕೂ ದುಡ್ಡು ಕೊಡಬೇಕಾಗಿಲ್ಲ.

ನನಗೆ ಎಲ್ಲಕ್ಕಿಂತ ಹೆಚ್ಚು ಒದಗಿರುವುದು ಆ ದಿನಚರಿ. ನೋಟ್‌ಬುಕ್ಕಿನಲ್ಲಿ ಬರೆದದ್ದು ಬರೆದ ಕಡೆಯೇ ಉಳಿಯುತ್ತದೆ. ಮೂರು ವರ್ಷದ ಹಿಂದೆ ನೋಡಿದ ಯಾವುದೋ ಚಿತ್ರದಲ್ಲಿ ಮಳೆಯ ಸದ್ದನ್ನು ಪೂರ್ತಿ ತೆಗೆದು ಬರೀ ಹಂಚಿನ ಮೇಲಿನ ಹನಿಗಳನ್ನಷ್ಟೇ ಉಳಿಸಿದ್ದರು ಎಂಬುದು ಕೆಲಸದ ನಡುವೆ ಥಟ್ಟನೆ ನೆನಪಾದಾಗ, ಅದು ಯಾವ ಪುಸ್ತಕದ ಯಾವ ಪುಟವೆಂದು ಹುಡುಕುತ್ತ ಕೂತರೆ ನಿರ್ದೇಶಕರ ತಾಳ್ಮೆ ಮುಗಿದಿರುತ್ತದೆ. ಈಗ ಫೋನಿನಲ್ಲೇ ಸಿಗುತ್ತದೆ. ಪ್ರತಿ ದಾಖಲೆಗೂ ನಮಗೆ ಬೇಕಾದ ಟ್ಯಾಗ್ ಹಾಕಿಕೊಳ್ಳಬಹುದಾದ್ದರಿಂದ, ಥಿಯೇಟರಿನಲ್ಲಿ ನೋಡಿದ್ದು, ಲ್ಯಾಪ್‌ಟಾಪಿನಲ್ಲಿ ಇಯರ್‌ಫೋನ್ ಹಾಕಿಕೊಂಡು ನೋಡಿದ್ದು, ಡಬ್ಬಿಂಗ್ ಆವೃತ್ತಿಯಲ್ಲಿ ನೋಡಿದ್ದು ಎಂದು ಮೂರು ಬಗೆ ಮಾಡಿಕೊಂಡಿದ್ದೇನೆ. ಧ್ವನಿಯ ಕೆಲಸದವರಿಗೆ ಈ ಮೂರೂ ಮೂರು ಬೇರೆ ಸಿನಿಮಾಗಳೇ. ಚಲನಚಿತ್ರೋತ್ಸವದ ವಾರದಲ್ಲಿ ದಿನಕ್ಕೆ ನಾಲ್ಕು ಚಿತ್ರ ನೋಡಿ, ಐದನೆಯ ದಿನ ಯಾವುದು ಇರಾನಿನದು ಯಾವುದು ಟರ್ಕಿಯದು ಎಂದು ತಲೆಯಲ್ಲಿ ಕಲಸಿಹೋಗುವವರಿಗೂ ಈ ದಿನಚರಿಯೇ ದಿಕ್ಕು.

ಇನ್ನೊಂದು ಗುಣವನ್ನು ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಹೊರಗಿನವರ ಕಣ್ಣಿಗೆ ಅದು ಬೀಳುವುದಿಲ್ಲ. ಇಲ್ಲಿ ಪ್ರತಿ ಚಿತ್ರದ ಪುಟದಲ್ಲೂ ತಾರಾಗಣದ ಪಕ್ಕದಲ್ಲೇ ತಂತ್ರಜ್ಞರ ಪಟ್ಟಿ ಇರುತ್ತದೆ. ಅದರಲ್ಲಿ ಧ್ವನಿ ವಿಭಾಗಕ್ಕೂ ಜಾಗವಿದೆ. ಮಿಕ್ಸಿಂಗ್, ಅಂದರೆ ಮಾತು, ಸಂಗೀತ, ಸದ್ದುಗಳನ್ನು ಹದವಾಗಿ ಬೆರೆಸುವ ಕೆಲಸ, ಮಾಡಿದವರ ಹೆಸರನ್ನು ಒತ್ತಿದರೆ ಅವರು ಕೆಲಸ ಮಾಡಿದ ಚಿತ್ರಗಳೆಲ್ಲ ಒಂದೇ ಪುಟದಲ್ಲಿ ತೆರೆದುಕೊಳ್ಳುತ್ತವೆ. ಪೋಸ್ಟರಿನ ಕೆಳತುದಿಯಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಹೆಸರು ಬಂದರೆ ಅದೇ ಭಾಗ್ಯ ಎಂದುಕೊಂಡು ಬೆಳೆದ ನಮ್ಮಂಥವರಿಗೆ, ನಾಯಕನಟನಿಗಿರುವಂಥದೇ ಒಂದು ಪುಟ ನಮ್ಮ ಕಸುಬಿನ ಹಿರಿಯರಿಗೂ ಇದೆಯೆಂಬುದು ಸಣ್ಣ ಸಂಗತಿಯಲ್ಲ. ಒಬ್ಬ ಸೌಂಡ್ ಡಿಸೈನರ್ ಹೆಸರು ಹಿಡಿದು ಒಂದು ತಿಂಗಳು ಬರೀ ಅವರ ಚಿತ್ರಗಳನ್ನೇ ನೋಡಿದ್ದೇನೆ. ಯಾವ ಪಾಠಶಾಲೆಯಲ್ಲೂ ಸಿಗದ ಪಾಠ ಅದು.

ಆದರೆ ಕನ್ನಡದ ಹಳೆಯ ಚಿತ್ರಗಳ ಪುಟಗಳಿಗೆ ಬಂದಾಗ ಈ ಸಂಭ್ರಮ ಇಳಿಯುತ್ತದೆ. ಲೆಟರ್‌ಬಾಕ್ಸ್‌ಡ್ ತನ್ನ ಮಾಹಿತಿಯನ್ನು ಟಿಎಂಡಿಬಿ ಎಂಬ, ಸಾರ್ವಜನಿಕರೇ ತುಂಬುವ ದತ್ತಸಂಚಯದಿಂದ ತೆಗೆದುಕೊಳ್ಳುತ್ತದೆ. ಯಾರಾದರೂ ತುಂಬಿದ್ದರೆ ಉಂಟು, ತುಂಬದಿದ್ದರೆ ಇಲ್ಲ. ನಟರು, ನಿರ್ದೇಶಕರು, ಹೆಚ್ಚೆಂದರೆ ಸಂಗೀತ ನಿರ್ದೇಶಕರು ಇರುತ್ತಾರೆ. ಧ್ವನಿಯ ಜಾಗ ಎಷ್ಟೋ ಕಡೆ ಖಾಲಿ. ಇದು ಈ ಸೇವೆಯ ತಪ್ಪಲ್ಲ, ನಮ್ಮದೇ ಸೋಮಾರಿತನ. ಹಾಗಾಗಿ ಕೆಲವು ಭಾನುವಾರಗಳಂದು ಹಳೆಯ ಚಿತ್ರಗಳ ಟೈಟಲ್ ಕಾರ್ಡನ್ನು ನಿಲ್ಲಿಸಿ ನಿಲ್ಲಿಸಿ, ‘ಧ್ವನಿಗ್ರಹಣ’ ಎಂದಿರುವ ಕಡೆಯ ಹೆಸರುಗಳನ್ನು ಬರೆದುಕೊಂಡು ನಾನೇ ಸೇರಿಸಿದ್ದೇನೆ. ನಮ್ಮ ಚಿತ್ರಗಳ ರೆಕಾರ್ಡಿಂಗ್ ಮದ್ರಾಸಿನ ಸ್ಟುಡಿಯೋಗಳಲ್ಲಿ ನಡೆಯುತ್ತಿದ್ದ ಕಾಲದ ಎಷ್ಟೋ ಹೆಸರುಗಳು ಹೀಗೆ ಟೈಟಲ್ ಕಾರ್ಡಿನಲ್ಲಿ ಮೂರು ಸೆಕೆಂಡು ಕಾಣಿಸಿ ಮಾಯವಾಗುತ್ತವೆ. ಇಂಗ್ಲಿಷ್ ಅಕ್ಷರಗಳಲ್ಲಿ ಒಬ್ಬರ ಹೆಸರನ್ನು ಎರಡು ಬಗೆಯಲ್ಲಿ ಬರೆದರೆ ಒಬ್ಬರೇ ಇಬ್ಬರಾಗಿಬಿಡುವ ತೊಂದರೆಯೂ ಇದೆ. ಕೆಲಸ ನಿಧಾನ, ಆದರೆ ಬಿಡುವಂಥದ್ದಲ್ಲ.

ದಿನಚರಿಯಲ್ಲಿ ಚಿತ್ರವನ್ನು ದಾಖಲಿಸುವಾಗ, ಇದನ್ನು ಮೊದಲೇ ನೋಡಿದ್ದೀರಾ ಎಂಬ ಚೌಕವೊಂದು ಎದುರಾಗುತ್ತದೆ. ನೋಡಿದ್ದರೆ ಅದಕ್ಕೆ ಗುರುತು ಹಾಕಬೇಕು. ಸಾಮಾನ್ಯರಿಗೆ ಇದು ಪ್ರಶ್ನೆಯೇ ಅಲ್ಲ. ನಾನೇ ಕೆಲಸ ಮಾಡಿದ ಚಿತ್ರ ಬಿಡುಗಡೆಯಾದಾಗ ಮಾತ್ರ ಆ ಚೌಕದ ಎದುರು ಬೆರಳು ನಿಂತುಬಿಡುತ್ತದೆ. ಅದರ ನಾಲ್ಕನೆಯ ರೀಲನ್ನು ಇನ್ನೂರು ಸಲ ನೋಡಿರುತ್ತೇನೆ. ಆದರೆ ಹಿನ್ನೆಲೆ ಸಂಗೀತವಿಲ್ಲದೆ, ಬಣ್ಣ ಸರಿಪಡಿಸದೆ, ಗ್ರಾಫಿಕ್ಸ್ ಬರಬೇಕಾದ ಕಡೆ ಹಸಿರು ಬಟ್ಟೆ ಇರುವಂತೆ, ಕೆಲವೊಮ್ಮೆ ಮೊದಲ ರೀಲಿಗಿಂತ ಮುಂಚೆ ಆರನೆಯದನ್ನು. ಇದನ್ನು ನೋಡಿದ್ದೆಂದು ಕರೆಯಬಹುದೇ? ಎರಡು ಚಿತ್ರಗಳಿಗೆ ಹೌದೆಂದು ಗುರುತು ಹಾಕಿ, ಮೂರನೆಯದಕ್ಕೆ ಹಾಕದೆ, ಕೊನೆಗೆ ಹಳೆಯ ಎರಡು ಗುರುತುಗಳನ್ನೂ ಅಳಿಸಿದೆ.

ಹಣ ಕೊಡುವ ಪ್ರೊ ಶ್ರೇಣಿಗೆ ವರ್ಷಕ್ಕೆ 19 ಡಾಲರ್, ಅದಕ್ಕೂ ಮೇಲಿನ ಪೇಟ್ರನ್ ಶ್ರೇಣಿಗೆ 49 ಡಾಲರ್ ಎಂಬುದು ಅಮೆರಿಕದ ದರ. ಪ್ರೊ ತೆಗೆದುಕೊಂಡರೆ ಜಾಹೀರಾತು ಹೋಗುತ್ತದೆ, ಅಂಕಿ ಅಂಶಗಳ ಪುಟವೊಂದು ಸಿಗುತ್ತದೆ: ವರ್ಷದಲ್ಲಿ ಎಷ್ಟು ಚಿತ್ರ, ಯಾವ ದೇಶದವು, ಯಾವ ಭಾಷೆಯವು ಎಂಬ ಲೆಕ್ಕ. ಪೇಟ್ರನ್‌ನಲ್ಲಿ ನಮಗೆ ಇಷ್ಟವಾದ ಪೋಸ್ಟರನ್ನು ಆರಿಸಿಕೊಳ್ಳುವಂಥ ಸೌಲಭ್ಯಗಳಿವೆ; ನನಗೆ ಅದು ಮದುವೆ ಊಟದ ಎರಡನೆಯ ಬೀಡಾ ಇದ್ದಂತೆ, ಬೇಕಾದವರು ಹಾಕಿಕೊಳ್ಳಲಿ. ಅಂಕಿ ಅಂಶಗಳ ಪುಟ ಮಾತ್ರ ಕೊಟ್ಟ ಹಣಕ್ಕೆ ಸರಿಯಾದ ಕೆಲಸ ಮಾಡಿತು, ನನಗೆ ಮುಜುಗರವನ್ನೂ ತಂದಿತು. ಕನ್ನಡ ಚಿತ್ರಗಳಿಂದಲೇ ಬದುಕುವ ನಾನು ನೋಡುವುದೂ ಹೆಚ್ಚಾಗಿ ಕನ್ನಡವನ್ನೇ ಎಂದು ನಂಬಿದ್ದೆ. ಮೊದಲ ವರ್ಷದ ಲೆಕ್ಕದಲ್ಲಿ ಇಂಗ್ಲಿಷ್, ಮಲಯಾಳಂ, ಜಪಾನಿ ಭಾಷೆಗಳಾದ ಮೇಲೆ ನಾಲ್ಕನೆಯ ಸ್ಥಾನದಲ್ಲಿ ಕನ್ನಡವಿತ್ತು. ಹಗಲೆಲ್ಲ ಕನ್ನಡದ ರೀಲುಗಳಲ್ಲೇ ಮುಳುಗಿರುತ್ತೇನಲ್ಲ ಎಂಬ ಸಮಾಧಾನ ಹೇಳಿಕೊಂಡೆ. ಆದರೆ ವರ್ಷಕ್ಕೆ ಇನ್ನೂರರ ಆಸುಪಾಸಿನಲ್ಲಿ ಕನ್ನಡ ಚಿತ್ರಗಳು ತೆರೆಗೆ ಬರುವಾಗ, ಆ ಸಮಾಧಾನ ಹೆಚ್ಚು ದಿನ ಬಾಳಲಿಲ್ಲ. ಈಗ ಪ್ರತಿ ಗುರುವಾರ ಹಳೆಯ ಕನ್ನಡ ಚಿತ್ರವೊಂದನ್ನು ಕಡ್ಡಾಯ ಮಾಡಿಕೊಂಡಿದ್ದೇನೆ.

ಇನ್ನು ನಕ್ಷತ್ರಗಳ ವಿಷಯ. ಈ ಸೇವೆಯನ್ನು ಹೊಗಳುವವರೆಲ್ಲ ಮೊದಲು ಹೇಳುವುದು ಇದನ್ನೇ. ನಾನು ಮೊದಲು ಬಿಟ್ಟದ್ದೂ ಇದನ್ನೇ. ಕೆಲವು ವರ್ಷಗಳ ಹಿಂದೆ ಒಂದು ಶುಕ್ರವಾರ ಹೊಸ ಕನ್ನಡ ಚಿತ್ರವೊಂದನ್ನು ಮೊದಲ ಆಟಕ್ಕೇ ನೋಡಿ, ಎರಡನೆಯ ಅರ್ಧದಲ್ಲಿ ಹಿನ್ನೆಲೆ ಸಂಗೀತದಡಿ ಮಾತುಗಳು ಮುಳುಗಿಹೋಗಿವೆ, ತಾಯಿಯ ಕೊನೆಯ ಮಾತು ಏನೆಂದೇ ಕೇಳಿಸಲಿಲ್ಲ ಎಂದು ಬರೆದು ಎರಡೂವರೆ ನಕ್ಷತ್ರ ಕೊಟ್ಟೆ. ಮಧ್ಯಾಹ್ನದ ಹೊತ್ತಿಗೆ ಅದರ ಸ್ಕ್ರೀನ್‌ಶಾಟ್ ನಮ್ಮವರದೇ ವಾಟ್ಸ್ಯಾಪ್ ಗುಂಪಿನಲ್ಲಿತ್ತು. ಸಂಜೆ ಆ ಚಿತ್ರದ ಮಿಕ್ಸಿಂಗ್ ಮಾಡಿದ ಹಿರಿಯರು ಫೋನ್ ಮಾಡಿದರು.

‘ಏನಪ್ಪಾ, ಬರೆದಿದ್ದೀಯಂತೆ. ನೀನು ಕೂತಿದ್ದ ಥಿಯೇಟರಲ್ಲಿ ಫೇಡರ್ ಎಷ್ಟರಲ್ಲಿತ್ತು ಅಂತ ಕೇಳಿದ್ಯಾ?’

‘ಇಲ್ಲ ಸಾರ್.’

‘ನಾನು ಏಳಕ್ಕೆ ಮಿಕ್ಸ್ ಮಾಡಿದ್ದೀನಿ. ಅವರು ನಾಲ್ಕೂವರೆಗೆ ಇಳಿಸಿಕೊಂಡು ಓಡಿಸಿದ್ರೆ ತಾಯಿ ಮಾತು ಎಲ್ಲಿ ಕೇಳುತ್ತೆ?’

ಅವರು ಹೇಳಿದ್ದರಲ್ಲಿ ಹುರುಳಿತ್ತು. ಫೇಡರ್ ಎಂದರೆ ಥಿಯೇಟರಿನಲ್ಲಿ ಧ್ವನಿಯನ್ನು ಏರಿಸಿ ಇಳಿಸುವ ಗುಂಡಿ. ಡಾಲ್ಬಿ ಪ್ರೊಸೆಸರಿನಲ್ಲಿ ಅದಕ್ಕೆ ಏಳು ಎಂಬುದು ನಿಗದಿತ ಮಟ್ಟ. ಮಿಕ್ಸಿಂಗ್ ಕೋಣೆಯಲ್ಲಿ ಆ ಮಟ್ಟವನ್ನೇ ನೆಚ್ಚಿಕೊಂಡು ಮಾತು, ಸಂಗೀತ, ಧ್ವನಿ ಪರಿಣಾಮಗಳನ್ನು ತೂಗಿರುತ್ತಾರೆ. ಟ್ರೇಲರು, ಜಾಹೀರಾತುಗಳ ಅಬ್ಬರಕ್ಕೋ ಪ್ರೇಕ್ಷಕರ ದೂರಿಗೋ ಥಿಯೇಟರಿನವರು ಅದನ್ನು ಇಳಿಸಿದರೆ ಮೊದಲು ಸೊರಗುವುದು ಪಿಸುಮಾತು. ಈ ಕಸುಬಿನಲ್ಲಿರುವ ನನಗೆ ಇದು ಗೊತ್ತಿರಬೇಕಿತ್ತು, ಗೊತ್ತಿತ್ತು ಕೂಡ. ಆದರೆ ಸೀಟಿನಲ್ಲಿ ಕೂತು ಫೋನ್ ತೆಗೆದ ಗಳಿಗೆಯಲ್ಲಿ ನೆನಪಾಗಲಿಲ್ಲ. ಎರಡೂವರೆ ನಕ್ಷತ್ರ ಯಾರಿಗೆ ಹೋಯಿತು ನೋಡಿ. ಥಿಯೇಟರಿನ ಪ್ರೊಜೆಕ್ಷನ್ ಕೋಣೆಗೆ ಹೋಗಬೇಕಾದದ್ದು ನಿರ್ದೇಶಕರ, ನಟಿಯ, ಮಿಕ್ಸಿಂಗ್ ಮಾಡಿದವರ ತಲೆಯ ಮೇಲೆ ಬಿತ್ತು. ಬರೆದ ಸಾಲನ್ನು ತಿದ್ದಬಹುದು, ವಿವರಿಸಬಹುದು. ನಕ್ಷತ್ರಕ್ಕೆ ಬಾಯಿಲ್ಲ, ಅದು ಯಾರನ್ನು ಕುರಿತದ್ದು ಎಂದು ಹೇಳಲಾರದು. ಮುಂದೆ ನನಗೆ ಬರಬೇಕಿದ್ದ ಎರಡು ಚಿತ್ರಗಳ ಕೆಲಸ ಬೇರೆಯವರಿಗೆ ಹೋಯಿತು. ಕಾರಣ ಇದೇ ಎಂದು ಯಾರೂ ಹೇಳಲಿಲ್ಲ. ಗಾಂಧಿನಗರದಲ್ಲಿ ಅಂಥದ್ದನ್ನು ಬಾಯಿಬಿಟ್ಟು ಹೇಳುವ ಪದ್ಧತಿಯೂ ಇಲ್ಲ.

ಹಾಗೆಂದು ಉದ್ಯಮದವರು ಇಂಥ ಕಡೆ ಬರೆಯಲೇಬಾರದು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. 2025ರ ಆಸ್ಕರ್ ಸಮಾರಂಭದಲ್ಲಿ ‘ಅನೋರಾ’ ಎಂಬ ಒಂದೇ ಚಿತ್ರಕ್ಕೆ ನಿರ್ಮಾಣ, ನಿರ್ದೇಶನ, ಚಿತ್ರಕಥೆ, ಸಂಕಲನ ಹೀಗೆ ನಾಲ್ಕು ಪ್ರಶಸ್ತಿ ಪಡೆದ ಶಾನ್ ಬೇಕರ್, ತಾವು ನೋಡಿದ ಚಿತ್ರಗಳನ್ನು ಇದೇ ಸೇವೆಯಲ್ಲಿ ಎಲ್ಲರಿಗೂ ಕಾಣುವಂತೆ ದಾಖಲಿಸುತ್ತ ಬಂದವರು. ಹಾಲಿವುಡ್ಡಿನ ಹಿರಿಯ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿ 2023ರ ಅಕ್ಟೋಬರಿನಲ್ಲಿ ಇಲ್ಲಿಗೆ ಬಂದಾಗ, ತಮ್ಮ ಚಿತ್ರಗಳ ಜೊತೆಗಿಟ್ಟು ನೋಡಬಹುದಾದ ಬೇರೆಯವರ ಚಿತ್ರಗಳ ಪಟ್ಟಿಯೊಂದನ್ನು ಕೊಟ್ಟರು. ಯಾರನ್ನೂ ಅಳೆಯದೆ, ಇದನ್ನೂ ನೋಡಿ ಎಂದು ಹೇಳುವ ಆ ಬಗೆ ನನಗೆ ಬಹಳ ಹಿಡಿಸಿತು. ಆದರೆ ಅವರ ಅಂಗಳ ದೊಡ್ಡದು. ನಮ್ಮಲ್ಲಿ ಎಲ್ಲರೂ ಎಲ್ಲರಿಗೂ ಗೊತ್ತು. ಇಂದು ನಾನು ತೂಗಿದ ಚಿತ್ರದ ನಿರ್ಮಾಪಕರು ನಾಳೆ ನನ್ನ ಪಗಾರ ಕೊಡುವವರು. ಬಿಡುಗಡೆಯ ಮೊದಲ ದಿನಗಳ ವಿಮರ್ಶೆಗಳ ಬಗ್ಗೆ ಉದ್ಯಮದಲ್ಲಿರುವ ದಿಗಿಲೂ ಸಣ್ಣದಲ್ಲ. ದುರುದ್ದೇಶದಿಂದ ಚಿತ್ರಗಳನ್ನು ಹಳಿಯುತ್ತಾರೆ ಎಂಬ ದೂರು 2023ರಲ್ಲಿ ಕೇರಳ ಹೈಕೋರ್ಟಿನವರೆಗೂ ಹೋಗಿತ್ತು. ಆ ದಿಗಿಲಿನ ನಡುವೆ ಒಳಗಿನವನೊಬ್ಬನ ಎರಡೂವರೆ, ಹೊರಗಿನವರ ನೂರು ಸೊನ್ನೆಗಳಿಗಿಂತ ಹೆಚ್ಚು ಚುಚ್ಚುತ್ತದೆ.

ಆಮೇಲೆ ಕೆಲವು ತಿಂಗಳು ಪರಿಚಿತರ ಚಿತ್ರಗಳಿಗೆ ಮಾತ್ರ ನಕ್ಷತ್ರ ಕೊಡದೆ ನೋಡಿದೆ. ಅದು ಇನ್ನೂ ಕೆಟ್ಟದ್ದಾಯಿತು. ಇಷ್ಟವಾಗಿಲ್ಲವೆಂದೇ ಖಾಲಿ ಬಿಟ್ಟಿದ್ದಾನೆ ಎಂದು ಓದಿಕೊಂಡರು. ಹಾಗಾಗಿ ಒಂದು ರಾತ್ರಿ ಕೂತು, ಜಪಾನಿನ ಮಹಾನುಭಾವರಿಂದ ಹಿಡಿದು ಪಕ್ಕದ ಬೀದಿಯ ಗೆಳೆಯನವರೆಗೆ, ಕೊಟ್ಟಿದ್ದ ಎಲ್ಲ ನಕ್ಷತ್ರಗಳನ್ನೂ ಒಂದೊಂದಾಗಿ ತೆಗೆದೆ. ನಕ್ಷತ್ರವಿಲ್ಲದೆಯೂ ದಿನಚರಿ ಪೂರ್ತಿ ಕೆಲಸ ಮಾಡುತ್ತದೆ ಎಂಬುದು ಈ ಸೇವೆಯ ದೊಡ್ಡ ಗುಣ. ಮೆಚ್ಚಿದ್ದನ್ನು ಸಾರ್ವಜನಿಕವಾಗಿ ಬರೆಯುತ್ತೇನೆ, ಕೆಲಸದ ದೋಷಗಳನ್ನು ಮತ್ತೆ ಹಳೆಯ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ. ನೋಟ್‌ಬುಕ್ಕಿನ ಸ್ಕ್ರೀನ್‌ಶಾಟ್ ತೆಗೆಯಲು ಯಾರಾದರೂ ಮನೆಗೇ ಬರಬೇಕು.

ಒಂದು ದೂರು ಉಳಿದಿದೆ. ಯಾವುದೇ ಚಿತ್ರದ ಪುಟ ತೆರೆದರೂ ಮೊದಲು ಕಣ್ಣಿಗೆ ಬೀಳುವುದು ಜನಪ್ರಿಯ ವಿಮರ್ಶೆಗಳು. ಅವುಗಳಲ್ಲಿ ಒಂದು ಸಾಲಿನ ಚಟಾಕಿಗಳಿಗೇ ಮುಂದಿನ ಬೆಂಚು. ಕನ್ನಡ ಲಿಪಿಯಲ್ಲಿ ಬರೆದ ಎರಡು ಪ್ಯಾರಾ ಎಲ್ಲೋ ಕೆಳಗೆ ಮೆಚ್ಚುಗೆಯಿಲ್ಲದೆ ಕೂತಿರುತ್ತವೆ. ಬನಶಂಕರಿಯ ಸುಚಿತ್ರದಂಥ ಫಿಲ್ಮ್ ಸೊಸೈಟಿಗಳಲ್ಲಿ ಚಿತ್ರ ಮುಗಿದ ಮೇಲೆ ಉಳಿದು ಮಾತಾಡುವ ಅಭ್ಯಾಸವಿದ್ದವರಿಗೆ ಈ ಚಟಾಕಿಗಳ ರುಚಿ ಹತ್ತುವುದು ಕಷ್ಟ. ಬರೆದದ್ದನ್ನೆಲ್ಲ ಒಂದು ಕಡತವಾಗಿ ಇಳಿಸಿಕೊಳ್ಳುವ ವ್ಯವಸ್ಥೆ ಉಚಿತವಾಗಿಯೇ ಇದೆ. ದಿನವೂ ಬರೆಯುವವರು ತಿಂಗಳಿಗೊಮ್ಮೆ ತಪ್ಪದೆ ಇಳಿಸಿಟ್ಟುಕೊಳ್ಳಬೇಕು. ಮೊದಲ ವರ್ಷ ಉಚಿತ ಶ್ರೇಣಿಯಲ್ಲೇ ಇರಿ, ನೂರು ದಾಖಲೆಯಾದ ಮೇಲೆ ಪ್ರೊ ಬೇಕೋ ಬೇಡವೋ ತೀರ್ಮಾನಿಸಿ.

ಹೋದ ತಿಂಗಳು ನಾನು ಕೆಲಸ ಮಾಡಿದ ಚಿತ್ರವೊಂದು ತೆರೆಕಂಡಿತು. ಮಾಗಡಿ ರಸ್ತೆಯ ವೀರೇಶ್‌ನಲ್ಲಿ ಸೆಕೆಂಡ್ ಶೋಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ನಾಲ್ಕನೆಯ ರೀಲಿನಲ್ಲಿ, ನಾವು ಮೂರು ದಿನ ಒದ್ದಾಡಿ ಕೂರಿಸಿದ್ದ ಬಾಗಿಲಿನ ಕಿರುಗುಟ್ಟುವಿಕೆಗೆ ಮುಂದಿನ ಸಾಲಿನ ಹುಡುಗನೊಬ್ಬ ನಕ್ಕ. ಅಲ್ಲಿ ನಗು ಬರುತ್ತದೆಂದು ನಮ್ಮಲ್ಲಿ ಯಾರೂ ಎಣಿಸಿರಲಿಲ್ಲ. ಮನೆಗೆ ಬಂದು ತಾರೀಖು ಹಾಕಿದೆ, ಥಿಯೇಟರ್ ಎಂದು ಟ್ಯಾಗ್ ಹಾಕಿದೆ, ಬಾಗಿಲು ಮತ್ತು ಹುಡುಗನ ಬಗ್ಗೆ ಎರಡು ಸಾಲು ಬರೆದೆ. ಮೊದಲೇ ನೋಡಿದ್ದೀರಾ ಎಂಬ ಚೌಕವನ್ನು ಖಾಲಿ ಬಿಟ್ಟೆ.