ಜಿಮ್‌ಗೆ ವಾರಕ್ಕೆ ಆರು ದಿನವೋ, ಮೂರೋ, ನಾಲ್ಕೋ? ಮೂರನ್ನೂ ಮಾಡಿ ನೋಡಿದೆ

ಒಂದು ಮಂಗಳವಾರ ಆಫೀಸಿನ ಮೆಟ್ಟಿಲನ್ನು ಬೆನ್ನು ಮುಂದೆ ಮಾಡಿಕೊಂಡು ಇಳಿದೆ. ಹಿಂದಿನ ದಿನ ಜಿಮ್‌ನಲ್ಲಿ ಲೆಗ್ ಡೇ. ತೊಡೆ ಕಲ್ಲಾಗಿತ್ತು, ಮಂಡಿ ಮಡಚಲು ಬರುತ್ತಿರಲಿಲ್ಲ. ಕೆಳಗಿದ್ದ ಸೆಕ್ಯುರಿಟಿಯವರು "ಸರ್, ಎಲ್ಲಾದ್ರೂ ಬಿದ್ರಾ?" ಅಂದರು. ನನಗೋ ಒಳಗೊಳಗೇ ಖುಷಿ. ನೋವು ಬಂದರೆ ಕೆಲಸ ಆಯ್ತು ಅಂತ ನಂಬಿದ್ದ ಕಾಲ ಅದು.

ಆಗ ಮಾಡುತ್ತಿದ್ದದ್ದು ಆರು ದಿನದ ಪಟ್ಟಿ. ದಿನಕ್ಕೊಂದು ಭಾಗ: ಕಾಲು, ಎದೆ, ಬೆನ್ನು, ಭುಜ, ರಟ್ಟೆ, ಹೊಟ್ಟೆ. ಎದೆಯ ದಿನ ಒಟ್ಟು 16 ಸೆಟ್ (ನಡುವೆ ನಿಲ್ಲಿಸದೆ ಒಂದು ಸುತ್ತು ಎತ್ತಿದರೆ ಒಂದು ಸೆಟ್). ಮೊದಲ ಸೆಟ್‌ಗಳಲ್ಲಿ 50 ಕೆಜಿ ಬೆಂಚ್ ಪ್ರೆಸ್, ಅಂದರೆ ಬೆಂಚಿನ ಮೇಲೆ ಮಲಗಿ ತೂಕದ ಬಾರ್ ಅನ್ನು ಎದೆಯಿಂದ ಮೇಲಕ್ಕೆ ತಳ್ಳೋದು, ಆರಾಮಾಗಿ ಎತ್ತುತ್ತಿದ್ದೆ. ಹತ್ತನೇ ಸೆಟ್ ಹೊತ್ತಿಗೆ 35 ಕೆಜಿಗೇ ಕೈ ನಡುಗುತ್ತಿತ್ತು. ಅಂದರೆ ಕೊನೆಯ ಆರು ಸೆಟ್ ಸುಮ್ನೆ ಬೆವರು ಸುರಿಸಿದ್ದು, ಅಷ್ಟೇ. ಭಾರ ಎತ್ತಿದ ಮೇಲೆ ಸ್ನಾಯು ಕಟ್ಟುವ ಕೆಲಸ ಜೋರಾಗಿ ನಡೆಯೋದು ಒಂದೆರಡು ದಿನ. ಆಮೇಲೆ ಎಂದಿನ ಮಟ್ಟಕ್ಕೆ ಇಳಿಯುತ್ತದೆ. ನನ್ನ ಎದೆ ಮುಂದಿನ ವಾರದವರೆಗೂ ಖಾಲಿ ಕೂತಿರುತ್ತಿತ್ತು. ಭುಜದ ಕಥೆ ಉಲ್ಟಾ. ಎದೆಯ ದಿನವೂ ಅದಕ್ಕೆ ಕೆಲಸ, ಅದರದೇ ದಿನವೂ ಕೆಲಸ. ಪಟ್ಟಿಯಲ್ಲಿ ಮಾತ್ರ ರೆಸ್ಟ್. ಎರಡನೇ ತಿಂಗಳಿಗೆ ಎಡಭುಜ ಚುಚ್ಚಲು ಶುರುವಾಯಿತು. ಮೂರು ತಿಂಗಳಲ್ಲಿ ಬೆಂಚ್ ಏರಿದ್ದು ಎರಡೂವರೆ ಕೆಜಿ. ಹೊಸಬರಿಗೆ ಮೊದಲ ತಿಂಗಳುಗಳಲ್ಲೇ ತೂಕ ಬೇಗ ಏರಬೇಕು ಅಲ್ವಾ? ನನಗೆ ಏರಲಿಲ್ಲ.

ಆಮೇಲೆ ಸೋಮ, ಬುಧ, ಶುಕ್ರ. ಮೂರೂ ದಿನ ಫುಲ್ ಬಾಡಿ. ಸ್ಕ್ವಾಟ್ (ಹೆಗಲ ಮೇಲೆ ಬಾರ್ ಹೊತ್ತು ಬಸ್ಕಿ), ಬೆಂಚ್, ರೋ (ಭಾರವನ್ನು ಮೈಯತ್ತ ಎಳೆಯೋದು), ಒಂದೊಂದಕ್ಕೂ ನಾಲ್ಕೇ ಸೆಟ್. ಎದೆಗೆ ವಾರಕ್ಕೆ 12 ಸೆಟ್, ಮುಂಚಿಗಿಂತ ಕಮ್ಮಿ. ಆದರೆ ಹನ್ನೆರಡೂ ಪೂರ್ತಿ ತೂಕದಲ್ಲಿ. ಮೊದಲ ಎರಡು ವಾರ ಮೈಕೈ ನೋವು ಜೀವ ತಿಂತು. ಮೂರನೇ ವಾರ ಮಾಯ. ಒಂದೇ ಕೆಲಸ ಮತ್ತೆ ಮತ್ತೆ ಬಿದ್ದರೆ ಸ್ನಾಯು ಪಳಗುತ್ತದೆ, ನೋವು ಕಮ್ಮಿಯಾಗುತ್ತದೆ. ಆ ನೋವು ಲ್ಯಾಕ್ಟಿಕ್ ಆಸಿಡ್‌ನಿಂದ ಅನ್ನೋದೂ ತಪ್ಪು. ಆ ಆಸಿಡ್ ವ್ಯಾಯಾಮ ಮುಗಿದು ಸುಮಾರು ಒಂದು ಗಂಟೆಯಲ್ಲೇ ತಿಳಿಯಾಗುತ್ತದೆ. ನೋವಿಲ್ಲ ಅಂತ ನನಗೇ ಅನುಮಾನ ಬಂದಿತ್ತು. ಬಾರ್ ಮಾತ್ರ ಬೇರೆ ಹೇಳುತ್ತಿತ್ತು: ಹತ್ತು ವಾರದಲ್ಲಿ 57.5 ಕೆಜಿ. ತಕರಾರು ಒಂದೇ. ಸಂಜೆ ಸ್ಕ್ವಾಟ್ ರ‍್ಯಾಕ್‌ಗೆ ರೇಷನ್ ಅಂಗಡಿ ಕ್ಯೂ.

ನಾಲ್ಕು ದಿನದ್ದು, ಅಂದರೆ ಎರಡು ದಿನ ಮೇಲ್ಭಾಗ, ಎರಡು ದಿನ ಕೆಳಭಾಗ, ನಿಜ ಹೇಳಬೇಕಂದ್ರೆ ಚೆನ್ನಾಗಿತ್ತು. ಡೆಡ್‌ಲಿಫ್ಟ್ (ನೆಲದಿಂದ ಬಾರ್ ಎತ್ತಿ ನೆಟ್ಟಗೆ ನಿಲ್ಲೋದು) 80ರಿಂದ 95 ಕೆಜಿಗೆ ಹೋಯಿತು. ಆದರೆ ತಿಂಗಳ ಕೊನೆಯಲ್ಲಿ ಆಫೀಸ್ ಕೆಲಸದಿಂದ ಜಿಮ್ ಒಂದು ಗುರುವಾರ ತಪ್ಪಿದರೆ ಆ ವಾರ ಕಾಲಿಗೋ ಎದೆಗೋ ಒಂದೇ ಸರದಿ. ಹನ್ನೆರಡು ವಾರದಲ್ಲಿ ನಾಲ್ಕೂ ದಿನ ಹೋಗಿದ್ದು ಐದು ವಾರ ಮಾತ್ರ.

ಸ್ನಾಯು ಬೆಳವಣಿಗೆಯ ಸಂಶೋಧಕ ಬ್ರಾಡ್ ಶೋನ್‌ಫೆಲ್ಡ್ ಮತ್ತು ಜೊತೆಗಾರರು 2016ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ, ಸ್ನಾಯು ಬೆಳೆಯಲು ಅದಕ್ಕೆ ವಾರಕ್ಕೊಮ್ಮೆಗಿಂತ ಎರಡು ಸಲ ಕೆಲಸ ಕೊಡೋದು ವಾಸಿ ಅಂತ ಕಂಡಿತ್ತು. ಒಟ್ಟು ಸೆಟ್ ಒಂದೇ ಇದ್ದರೆ ಎಷ್ಟು ದಿನಕ್ಕೆ ಹಂಚಿದರೂ ದೊಡ್ಡ ವ್ಯತ್ಯಾಸವಿಲ್ಲ ಅಂತ ಮುಂದೆ 2019ರಲ್ಲಿ ಅವರೇ ಬರೆದರು. ನನ್ನ ಲೆಕ್ಕಕ್ಕೆ ಇದು ಕೂಡುತ್ತದೆ. ಹಂಚಿದಾಗ ಸೆಟ್ ಗಟ್ಟಿಯಾಗಿರುತ್ತದೆ, ಲಾಭ ಅಲ್ಲಿ.

ಗರಡಿಯಲ್ಲಿ ಸಾಮು ಮಾಡಿದ ನಮ್ಮ ಸೋದರಮಾವ ಇದಕ್ಕೆಲ್ಲ ನಗುತ್ತಾರೆ. "ದಿನಾ ದಂಡ, ದಿನಾ ಬಸ್ಕಿ. ರಜೆ ಯಾವನಿಗೆ ಬೇಕಿತ್ತೋ?" ಅಂತಾರೆ. ಅದೂ ಸುಳ್ಳಲ್ಲ. ಅದು ಮೈತೂಕದ ಕೆಲಸ. ಶಕ್ತಿಯ ಅಂಚಿಗೆ ಹೋಗಿ ಬಾರ್ ಎತ್ತೋದು ಬೇರೆ. ಮೇಲಾಗಿ ಮಾವ ರಾತ್ರಿ ಒಂಬತ್ತಕ್ಕೆ ಮಲಗುತ್ತಿದ್ದವರು.

ಈಗ ನಾನು ಮೂರು ದಿನಕ್ಕೇ ವಾಪಸ್. ಡೆಡ್‌ಲಿಫ್ಟ್ ಶುಕ್ರವಾರ ಮಾತ್ರ. ನೋವು ಇದೆಯಾ ಅಂತ ನೋಡಲ್ಲ, ಎತ್ತಿದ್ದನ್ನು ಬರೆದಿಡುವ ಡೈರಿ ನೋಡುತ್ತೇನೆ. ಹೋದ ಬುಧವಾರ ಮಗಳಿಗೆ ಜ್ವರ ಬಂದು ರಾತ್ರಿಯಿಡೀ ನಿದ್ದೆ ಇರಲಿಲ್ಲ. ಬೆಂಚ್‌ನಲ್ಲಿ ಎಂಟು ಸಲ ಬರಬೇಕಾದಲ್ಲಿ ಐದಕ್ಕೇ ಕೈ ನಿಂತಿತು. ಅದೊಂದೇ ಸೆಟ್ ಬರೆದು ಮನೆಗೆ ಬಂದು ಮಲಗಿದೆ. ಶುಕ್ರವಾರ ಎಂಟೂ ಬಂತು.