ಬಲೆಯ ಕಣ್ಣು ಮತ್ತು ಮೂರು ತಂತ್ರಾಂಶಗಳ ಲೇಯರ್ ಮಾಸ್ಕ್

ಚಿತ್ರ ತಿದ್ದುವ ತಂತ್ರಾಂಶ ಫೋಟೋಶಾಪ್‌ಗೆ ಒಂದು ವರ್ಷ ಚಂದಾ ಕಟ್ಟಿದ್ದ ನಾನು ಈ ಸಲ ನವೀಕರಿಸದೆ, ಅದೇ ಬಗೆಯ ಉಚಿತ ತಂತ್ರಾಂಶವಾದ ಗಿಂಪ್‌ಗೆ ಮರಳಿದ್ದೇನೆ. ನಡುವೆ ಕೆಲವು ವಾರ, ಬ್ರೌಸರಿನಲ್ಲೇ ತೆರೆದುಕೊಳ್ಳುವ ಫೋಟೋಪಿಯಾವನ್ನೂ ಬಳಸಿದೆ. ಮೂರಕ್ಕೂ ಕೊಟ್ಟದ್ದು ಒಂದೇ ಕೆಲಸ: ಗಾಳಿಯಿಲ್ಲದ ಒಂದು ಸಂಜೆ ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ, ದಡಕ್ಕೆ ಎಳೆದಿಟ್ಟ ಪಾತಿ ದೋಣಿಗಾಗಿ ಒಂದು, ಅದರ ಹಿಂದಿನ ಆಕಾಶಕ್ಕಾಗಿ ಇನ್ನೊಂದು ಎಂದು ಕ್ಯಾಮೆರಾಗೆ ಬೇರೆ ಬೇರೆ ಪ್ರಮಾಣದ ಬೆಳಕು ಬಿಟ್ಟು ತೆಗೆದ ಎರಡು ಚಿತ್ರಗಳನ್ನು ಮಾಸ್ಕ್ ಮೂಲಕ ಒಂದಾಗಿಸುವುದು. ಮಾಸ್ಕ್ ಎಂದರೆ ಲೇಯರಿಗೆ, ಅಂದರೆ ಒಂದರ ಮೇಲೊಂದು ಇಟ್ಟ ಚಿತ್ರದ ಪದರಕ್ಕೆ, ಹಾಕುವ ಮುಸುಕು: ಅದರಲ್ಲಿ ಬಿಳಿ ಇದ್ದ ಕಡೆ ಮೇಲಿನ ಚಿತ್ರ ಕಾಣುತ್ತದೆ, ಕಪ್ಪು ಇದ್ದ ಕಡೆ ಕೆಳಗಿನದು.

ದಿಗಂತ ನೇರವಾಗಿದ್ದರೆ ಮಾಸ್ಕ್ ಮೇಲೆ, ಬಿಳಿಯಿಂದ ಕಪ್ಪಿಗೆ ಮೆಲ್ಲನೆ ತಿರುಗುವ ಒಂದು ಗ್ರೇಡಿಯೆಂಟ್ ಎಳೆದರೆ ಮುಗಿಯುತ್ತಿತ್ತು. ಆದರೆ ದೋಣಿಯ ಪಕ್ಕದ ಕೋಲುಗಳಿಗೆ ಒಣಹಾಕಿದ ಬಲೆ ಆಕಾಶಕ್ಕೆ ಅಡ್ಡವಾಗಿ ನಿಂತಿತ್ತು, ಮತ್ತು ಬಲೆಯ ಒಂದೊಂದು ಕಣ್ಣನ್ನೂ ಕುಂಚದಿಂದ ತುಂಬುವ ತಾಳ್ಮೆ ಯಾರಿಗೂ ಇರದು. ಗಿಂಪ್‌ನಲ್ಲಿ ಮಾಸ್ಕ್ ಸೇರಿಸುವಾಗಲೇ 'ಲೇಯರಿನ ಗ್ರೇಸ್ಕೇಲ್ ಪ್ರತಿ', ಅಂದರೆ ಅದೇ ಚಿತ್ರದ ಕಪ್ಪು-ಬಿಳುಪು ನಕಲು, ಎಂಬ ಆಯ್ಕೆ ಸಿಗುತ್ತದೆ. ಆಕಾಶದ ಚಿತ್ರವನ್ನು ಮೇಲಿಟ್ಟು ಈ ಆಯ್ಕೆ ಕೊಟ್ಟಾಗ, ಬೆಳಕಿದ್ದ ಕಡೆ ಮಾಸ್ಕ್ ಬೆಳ್ಳಗಾಯಿತು, ಬಲೆಯ ದಾರ ಕಪ್ಪಾಗಿ ಉಳಿಯಿತು. ಬೆಳಕು-ಕತ್ತಲೆ ಹೊಂದಿಸುವ ಲೆವೆಲ್ಸ್‌ನಲ್ಲಿ ಕಾಂಟ್ರಾಸ್ಟ್ ಸ್ವಲ್ಪ ಹೆಚ್ಚಿಸಿದ ಮೇಲೆ ದಾರದ ಅಂಚಿನ ಬೂದುಬಣ್ಣವೇ ಎರಡೂ ಚಿತ್ರಗಳನ್ನು ಹದವಾಗಿ ಬೆಸೆಯಿತು. ಫೋಟೋಶಾಪ್‌ನಲ್ಲೂ ಇದು ಸಾಧ್ಯ, ಆದರೆ ಚಿತ್ರದ ಬಣ್ಣಗಳನ್ನು ಬಿಡಿಸಿ ತೋರಿಸುವ ಚಾನೆಲ್ಸ್ ಫಲಕಕ್ಕೆ ಹೋಗಿ, ಆರ್‌ಜಿಬಿ ಎಂಬ ಸಾಲಿನ ಚೌಕದ ಮೇಲೆ ಕಂಟ್ರೋಲ್ ಒತ್ತಿ ಕ್ಲಿಕ್ ಮಾಡಿ, ಆಯ್ಕೆಯಾದ ಭಾಗದಿಂದ ಮಾಸ್ಕ್ ಮಾಡಿಕೊಳ್ಳಬೇಕು.

ಇಷ್ಟು ಹೊಗಳಿದ ಗಿಂಪ್ ನನ್ನನ್ನು ಅತಿ ಹೆಚ್ಚು ಕಾಡಿದ್ದೂ ಇದೇ ಮಾಸ್ಕ್ ವಿಷಯದಲ್ಲಿ. ಲೇಯರ್ ಸಾಲಿನಲ್ಲಿ ಚಿತ್ರದ ಮತ್ತು ಮಾಸ್ಕಿನ ಪುಟ್ಟ ಚೌಕಗಳು ಅಕ್ಕಪಕ್ಕದಲ್ಲಿರುತ್ತವೆ. ಕುಂಚ ಯಾವುದರ ಮೇಲೆ ಓಡುತ್ತದೆ ಎಂಬುದನ್ನು ಅಲ್ಲಿ ತೋರಿಸುವುದು ಅದರ ಸುತ್ತಲಿನ ತೆಳುವಾದ ಬಿಳಿ ಅಂಚು. ಆಕಾಶವೂ ಬಿಳಿಚಿಕೊಂಡಿರುವಾಗ ಆ ಅಂಚು ನನ್ನ ಕಣ್ಣಿಗೆ ಬೀಳಲಿಲ್ಲ. ಮಾಸ್ಕ್ ತಿದ್ದುತ್ತಿದ್ದೇನೆಂದು ನಂಬಿ ಅರ್ಧ ಗಂಟೆ ಚಿತ್ರದ ಮೇಲೆಯೇ ಕಪ್ಪು ಬಳಿದೆ. ದೋಣಿಯ ಮಗ್ಗುಲು ಹೇಗೂ ಕಪ್ಪಾಗಿದ್ದುದರಿಂದ ಅಲ್ಲಿ ತಪ್ಪು ತಿಳಿಯಲೇ ಇಲ್ಲ. ಮರಳಿನ ಮೇಲೆ ಮಸಿಯ ಗೆರೆ ಮೂಡಿದಾಗಷ್ಟೇ ಎಚ್ಚರವಾಯಿತು.

ಆಲ್ಟ್ ಒತ್ತಿ ಮಾಸ್ಕಿನ ಚೌಕದ ಮೇಲೆ ಕ್ಲಿಕ್ ಮಾಡಿದರೆ ಪರದೆಯ ಮೇಲೆ ಮಾಸ್ಕ್ ಮಾತ್ರ ಕಾಣುತ್ತದೆ. ಈಗ ಕುಂಚ ಹಿಡಿಯುವ ಮೊದಲು ಅದನ್ನೊಮ್ಮೆ ಮಾಡಿ ನೋಡುತ್ತೇನೆ. 'ಮಾಸ್ಕ್ ತಿದ್ದು' ಎಂಬ ಮೆನು ಆಯ್ಕೆಗೆ ನನ್ನದೇ ಒಂದು ಶಾರ್ಟ್‌ಕಟ್ ಕೀಲಿಯನ್ನೂ ಗೊತ್ತುಮಾಡಿಕೊಂಡಿದ್ದೇನೆ.

ಅಂಚಿನ ಮೃದುತ್ವವನ್ನು ಆಮೇಲೆ ಬೇಕೆಂದಾಗ ಬದಲಿಸುವುದರಲ್ಲಿ ಫೋಟೋಶಾಪ್ ಮುಂದಿದೆ. ಅಲ್ಲಿ ಮಾಸ್ಕಿಗೇ ಫೆದರ್ ಇದೆ, ಗಿಂಪ್‌ನಲ್ಲಿ ನಾನು ಮಾಸ್ಕನ್ನು ಬ್ಲರ್ ಮಾಡಿ ತೃಪ್ತಿಪಡುತ್ತೇನೆ. ಫೋಟೋಪಿಯಾ ಫೋಟೋಶಾಪಿನ ಪಿಎಸ್‌ಡಿ ಕಡತವನ್ನು ಮಾಸ್ಕ್ ಸಮೇತ ತೆರೆಯುತ್ತದೆ, ಕೀಲಿಗಳೂ ಬಹುಪಾಲು ಅವೇ. ಉಚಿತವಾಗಿ ಬಳಸುವಾಗ ಜಾಹೀರಾತು ಪಟ್ಟಿ ಬರುವುದರಿಂದ ನನ್ನ ಹಳೆಯ ಲ್ಯಾಪ್‌ಟಾಪಿನ ಪರದೆಯಲ್ಲಿ ಜಾಗ ಸಾಲದು. ಮಳೆಗಾಲದಲ್ಲಿ ನಮ್ಮ ಮನೆಗೆ ಇಂಟರ್ನೆಟ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ತಿಂಗಳಿಗೆ ಹತ್ತು ಹನ್ನೆರಡು ಚಿತ್ರ ತಿದ್ದುವ ನನಗೆ ಚಂದಾ ಹಣ ಉಳಿದರೆ ಟ್ರೈಪಾಡಿಗೆ ಉಪ್ಪುಗಾಳಿಯಿಂದ ತುಕ್ಕು ಹಿಡಿದ ಸ್ಕ್ರೂಗಳನ್ನಾದರೂ ಬದಲಿಸಬಹುದು. ದಿನವಿಡೀ ಮದುವೆ ಆಲ್ಬಮ್ ಮಾಡುವ ಸ್ಟುಡಿಯೋದವರ ಲೆಕ್ಕ ಬೇರೆಯಾಗಿರುತ್ತದೆ.