ಚೆಸ್ಟ್ ಫ್ರೀಜರ್‌ಗೆ ನಲ್ಲಿ ಹಾಕಿಸಿ ಕೆಲವು ಮಳೆಗಾಲ ಕಳೆದ ಮೇಲೆ: ಬಳಸಿ ನೋಡಿ ಬರೆದದ್ದು

ಮೊದಲೇ ಹೇಳಿಬಿಡುತ್ತೇನೆ, ನಮ್ಮ ಮನೆಯಲ್ಲಿ ನನಗೆ ತುಂಬಾ ಇಷ್ಟವಾದ ವಸ್ತು ಇದು. ಅಂಗಡಿಯಲ್ಲಿ ಐಸ್‌ಕ್ರೀಮ್ ಇಡುತ್ತಾರಲ್ಲ, ಆ ಥರ ಮೇಲಿನಿಂದ ಮುಚ್ಚಳ ತೆಗೆಯುವ ಫ್ರೀಜರ್ ತಂದು, ಒಳಗೆ ಸ್ಟೀಲ್ ಕೆಗ್‌ಗಳನ್ನು ನಿಲ್ಲಿಸಿ, ಹೊರಗೆ ನಲ್ಲಿ ಹಾಕಿಸಿದ್ದೇನೆ. ಕೆಗ್ ಅಂದರೆ ಒತ್ತಡ ತಡೆಯುವ ಮುಚ್ಚಿದ ಪೀಪಾಯಿ. ಸಿಲಿಂಡರಿನಿಂದ ಬರುವ ಕಾರ್ಬನ್ ಡೈಆಕ್ಸೈಡ್ ಗ್ಯಾಸ್ ಅದರೊಳಗಿನ ನೀರಿನಲ್ಲಿ ಕರಗಿ ಸೋಡಾ ಆಗುತ್ತದೆ, ಅದೇ ಗ್ಯಾಸಿನ ಒತ್ತಡ ಅದನ್ನು ನಲ್ಲಿಗೆ ತಳ್ಳುತ್ತದೆ. ಹೊರದೇಶಗಳಲ್ಲಿ ಮನೆಯಲ್ಲೇ ಬಿಯರ್ ಮಾಡುವವರು ಡ್ರಾಫ್ಟ್ ಬಿಯರ್‌ಗೆ ಅಂತ ಇದನ್ನು ಕಟ್ಟಿಕೊಳ್ಳುತ್ತಾರೆ, ಕೀಜರ್ ಅನ್ನುತ್ತಾರೆ. ಕಟ್ಟಿದ ಹೊಸದರಲ್ಲಿ ಯಾರೂ ಕೆಟ್ಟದಾಗಿ ಬರೆಯುವುದಿಲ್ಲ, ಎಲ್ಲವೂ ಹೊಳೆಯುತ್ತಿರುತ್ತದೆ. ಅದಕ್ಕೇ ಕೆಲವು ಮಳೆಗಾಲ ಹೋಗಲಿ ಅಂತ ಕಾದೆ. ಕಾದದ್ದು ಒಳ್ಳೆಯದಾಯಿತು, ಯಾಕೆಂದರೆ ಬೆಂಗಳೂರಿನಲ್ಲಿ ಈ ಯಂತ್ರಕ್ಕೆ ಬೇಸಿಗೆಗಿಂತ ಮಳೆಗಾಲದ ತೇವವೇ ಜಾಸ್ತಿ ಕಷ್ಟ ಕೊಡುತ್ತದೆ.

ನಮ್ಮದರಲ್ಲಿ ಬಿಯರ್ ಇಲ್ಲ. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವ ಹಾಗಿಲ್ಲ, ಬಿಯರ್ ಕೂಡ ಅದರಲ್ಲೇ ಬರುತ್ತದೆ. ಹಾಗಾಗಿ ಒಂದು ನಲ್ಲಿಯಲ್ಲಿ ಬರೀ ಸೋಡಾ, ಇನ್ನೊಂದರಲ್ಲಿ ಶುಂಠಿ-ನಿಂಬೆ, ಮೂರನೆಯದರಲ್ಲಿ ತಣ್ಣನೆಯ ಕಾಫಿ. ಈ 19 ಲೀಟರ್ ಕೆಗ್‌ಗಳು ಶುರುವಿನಲ್ಲಿ ಇದ್ದದ್ದೂ ಪೆಪ್ಸಿ, ಕೋಕ್ ಸಿರಪ್ ತುಂಬಲಿಕ್ಕೆ. ಆ ಕಂಪನಿಗಳು ಸಿರಪ್ಪನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಳಿಸಲು ಶುರು ಮಾಡಿದ ಮೇಲೆ ಹಳೆಯ ಕೆಗ್‌ಗಳು ಅಗ್ಗಕ್ಕೆ ಬಿಕರಿಯಾದವು, ಮನೆಯಲ್ಲಿ ಬಿಯರ್ ಮಾಡುವವರು ಕೊಂಡುಕೊಂಡರು. ಇಲ್ಲಿ ಅಂಥ ಹಳೆಯ ಕೆಗ್ ಸುಲಭಕ್ಕೆ ಸಿಗುವುದಿಲ್ಲ. ನನಗೆ ಫ್ರೀಜರ್‌ಗಿಂತ ಕೆಗ್, ನಲ್ಲಿ, ಗ್ಯಾಸಿನ ಒತ್ತಡ ಹಿಡಿತದಲ್ಲಿಡುವ ರೆಗ್ಯುಲೇಟರ್ ಇವಕ್ಕೇ ಜಾಸ್ತಿ ಖರ್ಚಾಯಿತು. ಇದು ದುಡ್ಡು ಉಳಿಸುವ ಯಂತ್ರ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಫ್ರೀಜರ್ ಕೊಳ್ಳುವಾಗ ಲೀಟರ್ ಲೆಕ್ಕ ನೋಡಿದರೆ ಸಾಲದು. ಕೆಗ್ ಸುಮಾರು 22 ಸೆಂ.ಮೀ. ಅಗಲ, 64 ಸೆಂ.ಮೀ. ಎತ್ತರ ಇರುತ್ತದೆ, ಮೇಲೆ ಪೈಪ್ ಸಿಕ್ಕಿಸಲು ಇನ್ನಷ್ಟು ಜಾಗ ಬೇಕು. ಕಂಪ್ರೆಸರ್ ಇರುವ ಕಡೆ ಒಳಗೆ ಒಂದು ದಿಬ್ಬ ಬರುತ್ತದೆ, ಅದು ಒಂದು ಕೆಗ್‌ನ ಜಾಗ ತಿನ್ನುತ್ತದೆ. ನಾನು ರಟ್ಟಿನಲ್ಲಿ ಕೆಗ್ ಅಳತೆಯ ದುಂಡು ಬಿಲ್ಲೆಗಳನ್ನು ಕತ್ತರಿಸಿಕೊಂಡು ಅಂಗಡಿಗೇ ಹೋಗಿ, ಫ್ರೀಜರ್ ತಳದಲ್ಲಿ ಜೋಡಿಸಿ ನೋಡಿದೆ. 200 ಲೀಟರ್ ಆಸುಪಾಸಿನದರಲ್ಲಿ ಮೂರು ಕೆಗ್ ಆರಾಮಾಗಿ ನಿಂತವು.

ಮರಗೆಲಸದವರು ಬಂದವರೇ, "ಗೋಡೆಗೇ ತೂತು ಹೊಡೆದುಬಿಡೋಣ ಸರ್, ಹತ್ತು ನಿಮಿಷದ ಕೆಲಸ" ಅಂದರು. ಬೇಡವೇ ಬೇಡ ಅಂದೆ. ಚೆಸ್ಟ್ ಫ್ರೀಜರ್‌ನ ಗೋಡೆಯೊಳಗೇ ತಂಪು ಗ್ಯಾಸ್ ಓಡಾಡುವ ಪೈಪುಗಳು ಸುತ್ತಿಕೊಂಡಿರುತ್ತವೆ. ಡ್ರಿಲ್ ಅದಕ್ಕೆ ತಾಗಿದರೆ ಫ್ರೀಜರ್ ಕಥೆ ಮುಗಿಯಿತು. ಈಗಿನ ಎಷ್ಟೋ ಮಾಡೆಲ್‌ಗಳಲ್ಲಿ ಆರ್600ಎ ಗ್ಯಾಸ್ ಇರುತ್ತದೆ, ಅದು ಬೆಂಕಿ ಹತ್ತುವ ಗ್ಯಾಸ್. ಅದಕ್ಕಾಗಿ ಮುಚ್ಚಳ ಬಿಚ್ಚಿ, ಫ್ರೀಜರ್ ಬಾಯಿಯ ಸುತ್ತ ಒಂದು ಗೇಣು ಎತ್ತರದ ತೇಗದ ಚೌಕಟ್ಟು ಕೂರಿಸಿ, ಅದರ ಮೇಲೆ ಮುಚ್ಚಳ ಹಾಕಬೇಕು. ನಲ್ಲಿಗಳ ತೂತು ಆ ಚೌಕಟ್ಟಿಗೆ ಮಾತ್ರ. ಚೌಕಟ್ಟಿನ ಒಳಮೈಗೆ ಥರ್ಮೋಕೋಲ್, ಸಂದಿಗೆ ಸಿಲಿಕೋನ್. ಫ್ರೀಜರ್ ಮೈಗೆ ಒಂದು ಮೊಳೆಯೂ ಬಿದ್ದಿಲ್ಲ, ನಾಳೆ ಬೇಕಾದರೆ ಚೌಕಟ್ಟು ಕಿತ್ತು ಮೊದಲಿನ ಹಾಗೆ ಬಳಸಬಹುದು. ಒಂದು ತೊಂದರೆ ಇದೆ. ತುಂಬಿದ ಕೆಗ್ 23 ಕೆಜಿ ತೂಗುತ್ತದೆ, ಅದನ್ನು ಇನ್ನೂ ಒಂದು ಗೇಣು ಮೇಲಕ್ಕೆ ಎತ್ತಿ ಒಳಗಿಳಿಸಬೇಕು. ಸೋಡಾ ಕೆಗ್ಗನ್ನು ನಾನು ಎತ್ತುವುದೇ ಇಲ್ಲ, ಅಲ್ಲೇ ಒಳಗಿಟ್ಟು ಫಿಲ್ಟರ್‌ನಿಂದ ಪೈಪ್ ಎಳೆದು ನೀರು ತುಂಬಿಸುತ್ತೇನೆ.

ಫ್ರೀಜರ್ ತನ್ನ ಪಾಡಿಗೆ ಬಿಟ್ಟರೆ ಮೈನಸ್ 18ಕ್ಕೆ ಹೋಗುತ್ತದೆ, ಎಲ್ಲಾ ಗಡ್ಡೆ ಕಟ್ಟುತ್ತದೆ. ಹೊರಗಿನಿಂದ ಒಂದು ಟೆಂಪರೇಚರ್ ಕಂಟ್ರೋಲರ್ ಬೇಕು, ಅದು ಬೇಕಾದಾಗ ಕರೆಂಟ್ ಕೊಟ್ಟು ಬೇಡವಾದಾಗ ಕಟ್ ಮಾಡುತ್ತದೆ. ಎಸ್‌ಪಿ ರೋಡಿನಲ್ಲಿ ಎಸ್‌ಟಿಸಿ-1000 ಸಿಗುತ್ತದೆ, ಆದರೆ ಡಬ್ಬಿಯೊಳಗೆ ಕೂರಿಸಿ ವೈರಿಂಗ್ ಮಾಡಬೇಕು. ನಾನು ಪ್ಲಗ್ ಸಮೇತ ಬರುವ ಇಂಕ್‌ಬರ್ಡ್ ಐಟಿಸಿ-308 ತಗೊಂಡೆ, ಇವತ್ತಿನವರೆಗೆ ಒಂದು ದಿನವೂ ಕೈಕೊಟ್ಟಿಲ್ಲ. 3 ಡಿಗ್ರಿಗೆ ಇಟ್ಟಿದ್ದೇನೆ. ಅದರ ಸೆನ್ಸರನ್ನು ಗಾಳಿಯಲ್ಲಿ ನೇತು ಹಾಕಬೇಡಿ, ಮುಚ್ಚಳ ತೆಗೆದಾಗಲೆಲ್ಲ ಕಂಪ್ರೆಸರ್ ಆನ್ ಆಗುತ್ತದೆ. ಒಂದು ನೀರಿನ ಬಾಟಲಿಯಲ್ಲಿ ಮುಳುಗಿಸಿಟ್ಟರೆ ಅದು ಕೆಗ್ ಒಳಗಿನ ಬಿಸಿ-ತಂಪನ್ನೇ ಹೇಳುತ್ತದೆ. ನಮ್ಮ ಏರಿಯಾದಲ್ಲಿ ಮಳೆ ಬಂದರೆ ಕರೆಂಟ್ ಹೋಗಿ ಬಂದು ಮಾಡುತ್ತದೆ. ಹಾಗೆ ಕಂಪ್ರೆಸರ್ ಪಟಪಟ ಅಂತ ಆನ್-ಆಫ್ ಆದರೆ ಬೇಗ ಹಾಳಾಗುತ್ತದೆ. ಕಂಟ್ರೋಲರ್‌ನಲ್ಲಿ ಕೆಲವು ನಿಮಿಷ ತಡೆದು ಆನ್ ಮಾಡುವ ಸೆಟ್ಟಿಂಗ್ ಇದೆ, ಅದನ್ನು ಹಾಕಿಯೇ ಬಿಡಿ. ಬಿಲ್ ಬಗ್ಗೆ ಹೆದರಬೇಕಿಲ್ಲ. ಗೋಡೆ ದಪ್ಪ, ತಂಪು ಮೇಲಿನಿಂದ ಚೆಲ್ಲಿ ಹೋಗುವುದಿಲ್ಲ, ದಿನಕ್ಕೆ ಒಂದು ಯೂನಿಟ್ ಕೂಡ ಆಗುವುದಿಲ್ಲ.

ಈಗ ಒತ್ತಡದ ವಿಷಯ. ಬೆಂಗಳೂರಿನವರು ಇದನ್ನು ಗಮನ ಇಟ್ಟು ಓದಬೇಕು. ಯಾವ ಬಿಸಿಯಲ್ಲಿ ಎಷ್ಟು ಪಿಎಸ್ಐ (ಒತ್ತಡದ ಅಳತೆ) ಇಟ್ಟರೆ ಎಷ್ಟು ಗ್ಯಾಸ್ ಕರಗುತ್ತದೆ ಅಂತ ಟೇಬಲ್‌ಗಳು ಸಿಗುತ್ತವೆ. ಬಿಯರ್‌ಗೆ 3 ಡಿಗ್ರಿಯಲ್ಲಿ 12 ಪಿಎಸ್ಐ ಇಟ್ಟರೆ, ಒಂದು ಲೀಟರಿನಲ್ಲಿ ಸುಮಾರು ಎರಡೂವರೆ ಲೀಟರ್ ಗ್ಯಾಸ್ ಕರಗಿರುತ್ತದೆ. ಸೋಡಾಕ್ಕೆ ಆ ಜುಮ್ಮು ಸಾಲದು, 30 ಪಿಎಸ್ಐ ಬೇಕು, ಆಗ ನಾಲ್ಕು ಲೀಟರಿಗಿಂತ ಮೇಲೆ ಹೋಗುತ್ತದೆ. ಆದರೆ ಆ ಟೇಬಲ್‌ಗಳೆಲ್ಲ ಸಮುದ್ರಮಟ್ಟದ ಲೆಕ್ಕ. ನಾವಿರುವುದು ಸುಮಾರು 920 ಮೀಟರ್ ಎತ್ತರದಲ್ಲಿ, ಇಲ್ಲಿ ಗಾಳಿಯ ಒತ್ತಡವೇ ಹತ್ತರಲ್ಲಿ ಒಂದು ಪಾಲು ಕಮ್ಮಿ. ಹೊರಗಿನ ಗಾಳಿಗಿಂತ ಒಳಗೆ ಎಷ್ಟು ಜಾಸ್ತಿ ಒತ್ತಡ ಇದೆ ಅನ್ನುವುದನ್ನಷ್ಟೇ ಗೇಜ್ ತೋರಿಸುತ್ತದೆ, ಗ್ಯಾಸ್ ಕರಗುವುದು ಒಳಗಿನ ಒಟ್ಟು ಒತ್ತಡಕ್ಕೆ ತಕ್ಕ ಹಾಗೆ. ಹಾಗಾಗಿ ಟೇಬಲ್‌ನಲ್ಲಿ ಇರುವುದಕ್ಕಿಂತ ಒಂದೂವರೆ ಪಿಎಸ್ಐ ಹತ್ತಿರ ಜಾಸ್ತಿ ಇಡಬೇಕು. ಮಂಗಳೂರಿನಲ್ಲಿ ಇದೇ ಯಂತ್ರ ಕಟ್ಟಿದವರಿಗೆ ಈ ಲೆಕ್ಕ ಬೇಕಾಗುವುದಿಲ್ಲ.

ಒತ್ತಡ ಜಾಸ್ತಿ ಇದ್ದಷ್ಟೂ ನಲ್ಲಿಯಲ್ಲಿ ನೊರೆ. ಅದನ್ನು ತಡೆಯುವುದು ಪೈಪಿನ ಉದ್ದ. ಸಣ್ಣ ಬಾಯಿಯ ಪೈಪಿನಲ್ಲಿ ಹರಿಯುತ್ತಾ ಹರಿಯುತ್ತಾ ಒತ್ತಡ ಇಳಿದು, ನಲ್ಲಿಗೆ ಬರುವ ಹೊತ್ತಿಗೆ ನಿಧಾನವಾಗಬೇಕು. ಒಳಬಾಯಿ 5 ಮಿ.ಮೀ. ಹತ್ತಿರ ಇರುವ ಪೈಪ್ ಆದರೆ 12 ಪಿಎಸ್ಐಗೆ ಸುಮಾರು 3 ಮೀಟರ್. ಸೋಡಾದ 30 ಪಿಎಸ್ಐಗೆ 7-8 ಮೀಟರ್ ಸುರುಳಿ ಸುತ್ತಿ ಇಡಬೇಕಾಗುತ್ತದೆ. ಕೆಗ್ ಮೇಲೆ ಇಷ್ಟುದ್ದ ಪೈಪ್ ಯಾಕೆ ಅಂತ ನೋಡಿದವರೆಲ್ಲ ಕೇಳುತ್ತಾರೆ. ಇಷ್ಟು ಮಾಡಿದರೂ ಮೊದಲನೇ ಲೋಟದಲ್ಲಿ ನೊರೆ ಬರುತ್ತಿತ್ತು, ಯಾಕೆಂದರೆ ಫ್ರೀಜರ್ ಒಳಗೆ ತಂಪು ತಳದಲ್ಲಿ ಕೂರುತ್ತದೆ, ಮೇಲಿನ ಪೈಪು, ನಲ್ಲಿ ಬೆಚ್ಚಗಿರುತ್ತವೆ. ಒಂದು 12 ವೋಲ್ಟ್ ಕಂಪ್ಯೂಟರ್ ಫ್ಯಾನನ್ನು ತಳದಲ್ಲಿಟ್ಟು ಗಾಳಿ ಮೇಲಕ್ಕೆ ಬೀಸುವ ಹಾಗೆ ಮಾಡಿದ ಮೇಲೆ ಅದು ನಿಂತಿತು. ಈ ಇಡೀ ಯಂತ್ರದಲ್ಲಿ ಕಡಿಮೆ ದುಡ್ಡಿಗೆ ಜಾಸ್ತಿ ಉಪಕಾರ ಆದದ್ದು ಆ ಫ್ಯಾನ್‌ನಿಂದ.

ಗ್ಯಾಸ್ ಪೀಣ್ಯ ಕಡೆಯಿಂದ ತುಂಬಿಸಿಕೊಂಡು ಬರುತ್ತೇನೆ. ಆಹಾರಕ್ಕೆ ಬಳಸುವ ಕಾರ್ಬನ್ ಡೈಆಕ್ಸೈಡ್ ಅಂತ ಒತ್ತಿ ಹೇಳಿ ಕೇಳಿ, ವೆಲ್ಡಿಂಗ್ ಗ್ಯಾಸ್ ಬೇಡ. ಸಿಲಿಂಡರ್‌ಗೆ 5 ವರ್ಷಕ್ಕೊಮ್ಮೆ ಪರೀಕ್ಷೆ ಆಗಬೇಕು, ಮೈಮೇಲೆ ತಾರೀಖು ಹೊಡೆದಿರುತ್ತದೆ, ನೋಡಿಯೇ ತಗೊಳ್ಳಿ. ಒಮ್ಮೆ ತಾರೀಖು ದಾಟಿದ ಸಿಲಿಂಡರ್ ಕೊಡಲು ಬಂದ ಅಂಗಡಿಯಿಂದ ವಾಪಸ್ ಬಂದೆ, ಮತ್ತೆ ಅಲ್ಲಿಗೆ ಹೋಗಿಲ್ಲ. ಸಿಲಿಂಡರ್ ಮೇಲಿನ ಗೇಜ್ ನೋಡಿ ಎಷ್ಟು ಉಳಿದಿದೆ ಅಂತ ಗೊತ್ತಾಗುವುದಿಲ್ಲ. ಒಳಗೆ ದ್ರವ ಇರುವವರೆಗೂ ಮುಳ್ಳು ಒಂದೇ ಕಡೆ ನಿಂತಿರುತ್ತದೆ, ದ್ರವ ಮುಗಿದ ಮೇಲೆ ದಿಢೀರ್ ಅಂತ ಬೀಳುತ್ತದೆ. ತೂಕ ಹಾಕಿ ನೋಡುವುದೊಂದೇ ದಾರಿ. 19 ಲೀಟರ್ ಸೋಡಾದಲ್ಲಿ ಕರಗುವುದು ಸುಮಾರು 150 ಗ್ರಾಂ, ಅದನ್ನು ನಲ್ಲಿಗೆ ತಳ್ಳಲು ಇನ್ನೂ ನೂರು ಗ್ರಾಂ ಹತ್ತಿರ ಬೇಕು. ಅಂದರೆ 5 ಕೆಜಿ ಸಿಲಿಂಡರ್ ಹದಿನೈದು ಕೆಗ್‌ಗಿಂತ ಜಾಸ್ತಿ ಬರಬೇಕು. ಅದಕ್ಕಿಂತ ಬೇಗ ಮುಗಿದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ. ಪ್ರತಿ ಜೋಡಣೆಗೂ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತಾ ನೋಡಿ. ನನ್ನ ರೆಗ್ಯುಲೇಟರ್ ಜೊತೆ ಬಂದ ವಾಷರ್ ಸರಿ ಇರಲಿಲ್ಲ, ಅದೊಂದು ಚಿಕ್ಕ ಬಿಲ್ಲೆ ಬದಲಾಯಿಸಿದ ಮೇಲೆ ಗ್ಯಾಸ್ ಸೋರುವುದು ನಿಂತಿತು.

ಇದರಲ್ಲಿ ದುಡ್ಡಿಗಿಂತ ದೊಡ್ಡ ವಿಷಯ ಇದೆ. ಈ ಗ್ಯಾಸ್ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಸೋರಿದರೆ ಫ್ರೀಜರ್ ಒಳಗೇ ತುಂಬಿ ನಿಲ್ಲುತ್ತದೆ, ಕಣ್ಣಿಗೆ ಕಾಣುವುದಿಲ್ಲ, ಮೂಗಿಗೂ ತಿಳಿಯುವುದಿಲ್ಲ. ಒಳಗೆ ಬಗ್ಗಿ ತಲೆ ಹಾಕುವ ಮೊದಲು ಮುಚ್ಚಳ ತೆರೆದು ಸ್ವಲ್ಪ ಹೊತ್ತು ಫ್ಯಾನ್ ಓಡಲಿ. ಮಕ್ಕಳಿರುವ ಮನೆಯಲ್ಲಿ ಮುಚ್ಚಳಕ್ಕೆ ಬೀಗ ಹಾಕಿ. ನಾನು ಸಿಲಿಂಡರನ್ನು ಯುಟಿಲಿಟಿ ಬಾಲ್ಕನಿಯಲ್ಲಿ ಗೋಡೆಗೆ ಸರಪಳಿ ಹಾಕಿ ನಿಲ್ಲಿಸಿದ್ದೇನೆ, ಒಳಗೆ ಬರುವುದು ಪೈಪ್ ಮಾತ್ರ.

ಇನ್ನು ತೇವ. ಈ ಯಂತ್ರದ ಬಗ್ಗೆ ನನಗಿರುವ ದೊಡ್ಡ ದೂರು ಇದೇ. ಮೈನಸ್ 18ರಲ್ಲಿ ತೇವ ಮಂಜಾಗಿ ಗೋಡೆಗೆ ಅಂಟಿಕೊಂಡು ಇದ್ದುಬಿಡುತ್ತದೆ. 3 ಡಿಗ್ರಿಯಲ್ಲಿ ಹಾಗಲ್ಲ, ಕಂಪ್ರೆಸರ್ ಓಡುವಾಗ ಗೋಡೆಗೆ ಮಂಜು ಹಿಡಿದು, ನಿಂತಾಗ ಕರಗಿ ತಳಕ್ಕೆ ಇಳಿಯುತ್ತದೆ. ಜೂನ್‌ನಿಂದ ಅಕ್ಟೋಬರ್ ತನಕ ಮುಚ್ಚಳ ತೆಗೆದಾಗಲೆಲ್ಲ ಒಂದಷ್ಟು ಒದ್ದೆ ಗಾಳಿ ಒಳಗೆ ಹೋಗುತ್ತದೆ. ಮೊದಲ ಮಳೆಗಾಲದಲ್ಲೇ ತಳದಲ್ಲಿ ನೀರು ನಿಂತು, ಚೌಕಟ್ಟಿನ ಒಳಮೂಲೆಗಳಲ್ಲಿ ಕಪ್ಪು ಬೂಷ್ಟು ಬಂತು, ಮುಚ್ಚಳ ತೆಗೆದರೆ ಮುಗ್ಗಲು ವಾಸನೆ. ತೇಗವಾದ್ದರಿಂದ ಮರ ಕೊಳೆಯಲಿಲ್ಲ, ಪ್ಲೈವುಡ್ ಆಗಿದ್ದರೆ ಪದರ ಬಿಡುತ್ತಿತ್ತು. ಈಗ ಒಳಗೆ ಒಂದು ಡಬ್ಬಿ ತುಂಬಾ ಸಿಲಿಕಾ ಜೆಲ್ ಇಡುತ್ತೇನೆ, ಬಣ್ಣ ತಿರುಗಿದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಇಡುತ್ತೇನೆ. ಮುಚ್ಚಳದ ರಬ್ಬರ್ ಚೌಕಟ್ಟಿನ ಮೇಲೆ ಸಮನಾಗಿ ಕೂರುತ್ತಿದೆಯಾ ಅಂತ ಒಂದು ಕಾಗದದ ಚೂರು ಸಿಕ್ಕಿಸಿ ಎಳೆದು ನೋಡುತ್ತೇನೆ, ಸಲೀಸಾಗಿ ಬಂದರೆ ಅಲ್ಲಿ ಗಾಳಿ ನುಗ್ಗುತ್ತಿದೆ. ಇಷ್ಟು ಮಾಡಿದ ಮೇಲೆ ಬೂಷ್ಟು ಮತ್ತೆ ಬಂದಿಲ್ಲ. ಆದರೆ ಮಳೆಗಾಲದಲ್ಲಿ ವಾರಕ್ಕೊಮ್ಮೆ ತಳ ಒರೆಸುವುದು ತಪ್ಪಿಲ್ಲ.

ನಲ್ಲಿ ಕೊಳ್ಳುವಾಗ ಮಾತ್ರ ಜಿಪುಣತನ ಬೇಡ. ಹಿತ್ತಾಳೆಗೆ ಕ್ರೋಮ್ ಬಳಿದ ಅಗ್ಗದ ನಲ್ಲಿಯ ಒಳಮೈ ಹುಳಿಗೆ ಸವೆಯುತ್ತದೆ. ಸೋಡಾ ನೀರೂ ಹುಳಿಯೇ, ಅದು ಹಿತ್ತಾಳೆಯಿಂದ ತಾಮ್ರ ಬಿಡಿಸಿಕೊಳ್ಳುತ್ತದೆ, ಅಂಥ ನೀರು ಕುಡಿಯಬಾರದು. ಪೂರ್ತಿ ಸ್ಟೇನ್‌ಲೆಸ್ ಸ್ಟೀಲ್‌ನದೇ ಬೇಕು, ಅದೂ ಮುಂಭಾಗದಲ್ಲಿ ಮುಚ್ಚಿಕೊಳ್ಳುವ ಥರದ್ದು. ಹಿಂದೆ ಮುಚ್ಚಿಕೊಳ್ಳುವ ನಲ್ಲಿಯಲ್ಲಿ ಉಳಿದ ಶರಬತ್ತು ಒಣಗಿ, ಮರುದಿನ ಹಿಡಿ ಅಲ್ಲಾಡುವುದಿಲ್ಲ. ಸಿಹಿ ಇರುವ ನಲ್ಲಿಗೆ ಇರುವೆ ಗ್ಯಾರಂಟಿ, ಬಾಯಿಗೆ ಚಿಕ್ಕ ಮುಚ್ಚಳ ಹಾಕಿ, ಕೆಳಗಿನ ತಟ್ಟೆಯನ್ನು ರಾತ್ರಿಯೇ ತೊಳೆದಿಡಿ. ಸಿಹಿ ಹರಿಯುವ ಪೈಪುಗಳನ್ನು ಎರಡು ವಾರಕ್ಕೊಮ್ಮೆ ತೊಳೆಯಲೇಬೇಕು, ಬಿಯರ್ ಆದರೂ ಇದೇ ನಿಯಮ. ನಮ್ಮದು ಬೋರ್‌ವೆಲ್ ನೀರು. ಅದರ ಸುಣ್ಣ ನಲ್ಲಿಯೊಳಗೂ ಕೂರುತ್ತದೆ, ರುಚಿಯನ್ನೂ ಕೆಡಿಸುತ್ತದೆ, ಹಾಗಾಗಿ ಕೆಗ್‌ಗೆ ಫಿಲ್ಟರ್ ನೀರು ಮಾತ್ರ.

ಕುಡಿಯುವ ವಿಷಯಕ್ಕೆ ಬಂದರೆ, ಸೋಡಾ ನಲ್ಲಿಯೊಂದೇ ಈ ಖರ್ಚಿಗೆಲ್ಲ ಸಮ ಅನ್ನುತ್ತೇನೆ. ಲೋಟದಲ್ಲಿ ನಿಂಬೆ, ಉಪ್ಪು ಹಾಕಿ ನಲ್ಲಿ ಎಳೆದರೆ ಮುಗಿಯಿತು. ಸೊಗದೆ ಬೇರಿನ ಶರಬತ್ತು, ಪುನರ್ಪುಳಿ ಎರಡನ್ನೂ ಲೋಟದಲ್ಲೇ ಸೋಡಾಕ್ಕೆ ಬೆರೆಸುತ್ತೇವೆ, ಕೆಗ್‌ಗೆ ಹಾಕುವುದಿಲ್ಲ. ರಾಮನವಮಿಗೆ ಅಮ್ಮ ಮಾಡಿದ ಪಾನಕ ಮಾತ್ರ ಕೆಗ್‌ಗೇ ಹೋಗುತ್ತದೆ. ಬೆಲ್ಲದ ಕಸ, ಏಲಕ್ಕಿ ಸಿಪ್ಪೆ ಕೆಗ್‌ನ ಸಣ್ಣ ವಾಲ್ವಿನಲ್ಲಿ ಸಿಕ್ಕಿಕೊಳ್ಳುತ್ತವೆ, ಅದಕ್ಕೇ ಪಂಚೆ ಬಟ್ಟೆಯಲ್ಲಿ ಎರಡು ಸಲ ಸೋಸುತ್ತಾರೆ. ಗ್ಯಾಸ್ ಹಿಡಿದ ಪಾನಕದ ರುಚಿ ನೀವು ಒಮ್ಮೆ ನೋಡಲೇಬೇಕು, ಶುಂಠಿಯ ಖಾರ ನೇರ ಮೂಗಿಗೆ ಏರುತ್ತದೆ. ಕಾಫಿಗೆ ಚಿಕೋರಿ ಇಲ್ಲದ ಚಿಕ್ಕಮಗಳೂರು ಅರೇಬಿಕಾ ತರಿತರಿಯಾಗಿ ಪುಡಿ ಮಾಡಿಸಿ, ರಾತ್ರಿ ತಣ್ಣೀರಿನಲ್ಲಿ ನೆನೆಸಿ ಸೋಸುತ್ತೇನೆ. ಅದಕ್ಕೆ ನೈಟ್ರೋಜನ್ ಬೇಕು, ಸಿಲಿಂಡರೂ ಬೇರೆ, ರೆಗ್ಯುಲೇಟರೂ ಬೇರೆ, ಸಣ್ಣ ತೂತುಗಳ ಬಿಲ್ಲೆ ಇರುವ ನಲ್ಲಿಯೂ ಬೇರೆ. ಕೆನೆಯಂಥ ನೊರೆ ಬರುತ್ತದೆ ನಿಜ, ಆದರೆ ಅದನ್ನು ವಾರದೊಳಗೆ ಖಾಲಿ ಮಾಡಬೇಕು. ಮನೆಯಲ್ಲಿ ಕಾಫಿ ಕುಡಿಯುವವರು ನಾಲ್ಕೈದು ಜನ ಇಲ್ಲದಿದ್ದರೆ ಈ ಮೂರನೇ ನಲ್ಲಿಯ ಖರ್ಚು ಬೇಡ ಅಂತಲೇ ನನ್ನ ಸಲಹೆ.

ಬಾಡಿಗೆ ಮನೆಯವರು ಹಾಕಿಸಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಹಾಕಿಸಬಹುದು, ಗೋಡೆಗೆ ಸಿಲಿಂಡರ್ ಸರಪಳಿಯ ಕೊಕ್ಕೆ ಬಿಟ್ಟರೆ ಬೇರೇನೂ ಹೊಡೆಯಬೇಕಿಲ್ಲ. ಆದರೆ ಲಿಫ್ಟ್ ಬಾಗಿಲು, ಅಡುಗೆಮನೆ ಬಾಗಿಲು ಎರಡನ್ನೂ ಮೊದಲು ಅಳೆದುಕೊಳ್ಳಿ. ಮನೆ ಬದಲಿಸುವಾಗ ಕೆಗ್‌ನ ಒತ್ತಡ ಪೂರ್ತಿ ಬಿಟ್ಟು, ಗ್ಯಾಸ್ ಪೈಪ್ ಬಿಚ್ಚಿ, ಫ್ರೀಜರನ್ನು ಮಲಗಿಸದೆ ನಿಲ್ಲಿಸಿಯೇ ಸಾಗಿಸಬೇಕು. ಹೊಸ ಮನೆಯಲ್ಲಿ ಕೆಲವು ಗಂಟೆ ಹಾಗೇ ಬಿಟ್ಟು ಆಮೇಲೆ ಸ್ವಿಚ್ ಹಾಕಿ.